ತಾಲೀಮಿನ ಕೋಣೆಯಲ್ಲಿ ಯಜಮಾನ ಯಾರು?

ನಾಟಕವೆಂದರೆ ಪರದೆ ಎದ್ದ ಮೇಲೆ ಕಾಣುವುದಷ್ಟೇ ಎಂಬುದು ನಮ್ಮಲ್ಲಿ ಹಲವರ ಭಾವನೆ. ಅಂಗಡಿಯಲ್ಲಿ ಬಟ್ಟೆಯನ್ನು ಕೊಳ್ಳುವವನು ಮಗ್ಗದ ಮುಂದೆ ನಿಂತವನನ್ನು ನೆನೆಯದಂತೆ, ನಾಟಕ ನೋಡುವವರು ತಾಲೀಮನ್ನು ನೆನೆಯುವುದಿಲ್ಲ. ಆದರೆ ನಾಟಕ ಹತ್ತು ಜನರ ದುಡಿಮೆಯೋ, ಒಬ್ಬನ ಅಪ್ಪಣೆಯೋ ಎಂಬುದು ತೀರ್ಮಾನವಾಗುವುದು ತಾಲೀಮಿನಲ್ಲಿಯೇ.

ಜರ್ಮನಿಯ ಬರ್ಟೋಲ್ಟ್ ಬ್ರೆಕ್ಟ್ ಇದನ್ನು ಚೆನ್ನಾಗಿ ಅರಿತಿದ್ದ ನಿರ್ದೇಶಕರು. ಹಿಟ್ಲರನ ಕಾಲದಲ್ಲಿ ದೇಶಬಿಟ್ಟು ಅಲೆದ ಅವರು 1949ರಲ್ಲಿ ಪತ್ನಿ ಹೆಲೀನ್ ವೈಗೆಲ್ ಅವರೊಡನೆ ಪೂರ್ವ ಬರ್ಲಿನ್ನಿನಲ್ಲಿ ಬರ್ಲಿನರ್ ಆನ್ಸಾಂಬ್ಲ್ ಎಂಬ ಮಂಡಳಿಯನ್ನು ಕಟ್ಟಿದರು. ಅಲ್ಲಿ ತಾಲೀಮಿನ ಬಾಗಿಲು ಹೊರಗಿನವರಿಗೂ ತೆರೆದಿತ್ತು. ಸಲಹೆ ಕೊಟ್ಟವನು ಹಿರಿಯ ನಟನೋ ನಿನ್ನೆ ಸೇರಿದ ಹುಡುಗನೋ ಎಂದು ಕೇಳುವ ಪದ್ಧತಿಯಿರಲಿಲ್ಲ. ಉದ್ದದ ವಾದ ಬೇಡ, ಮಾಡಿ ತೋರಿಸಿ ಎಂಬುದೇ ನಿಯಮ. ಕಕೇಷಿಯನ್ ಚಾಕ್ ಸರ್ಕಲ್ ನಾಟಕದ ತಾಲೀಮು 1953ರ ನವೆಂಬರಿನಲ್ಲಿ ಮೊದಲಾಯಿತು; ಪ್ರದರ್ಶನವಾದದ್ದು 1954ರ ಅಕ್ಟೋಬರಿನಲ್ಲಿ.

ನಟರಿಗೆ ಅವರು ಸೂಚಿಸಿದ ಒಂದು ಅಭ್ಯಾಸ ಬಹು ಸರಳ. ‘ನಾನು ಸಹಿ ಹಾಕುವುದಿಲ್ಲ’ ಎಂಬ ಮಾತಿದ್ದರೆ, ತಾಲೀಮಿನಲ್ಲಿ ನಟನು ‘ಅವನು ಎದ್ದು ನಿಂತು, ತಾನು ಸಹಿ ಹಾಕುವುದಿಲ್ಲವೆಂದನು’ ಎಂದು ಬೇರೊಬ್ಬನ ಕಥೆಯಂತೆ ಹೇಳಬೇಕು. ಆಗ ನಟನು ಪಾತ್ರದಲ್ಲಿ ಮುಳುಗಿಹೋಗದೆ, ಇವನು ಹೀಗೇಕೆ ಮಾಡಿದ, ಬೇರೆ ರೀತಿ ಮಾಡಬಹುದಿತ್ತಲ್ಲ ಎಂದು ಯೋಚಿಸತೊಡಗುತ್ತಾನೆ. ನಟನೇ ಕೇಳದ ಪ್ರಶ್ನೆಯನ್ನು ಪ್ರೇಕ್ಷಕನು ಕೇಳುವುದುಂಟೆ?

ಇದರ ಫಲವನ್ನು ಮದರ್ ಕರೇಜ್ ನಾಟಕದಲ್ಲಿ ಕಾಣಬಹುದು. ಯುದ್ಧಭೂಮಿಯಲ್ಲಿ ಗಾಡಿ ಎಳೆದು ಸಾಮಾನು ಮಾರುವ ಸಣ್ಣ ವ್ಯಾಪಾರಿಯೊಬ್ಬಳ ಕಥೆ ಅದು. ಯುದ್ಧವೇ ಅವಳ ಸಂತೆ. ಆ ಸಂತೆಯಲ್ಲೇ ಮಕ್ಕಳನ್ನೆಲ್ಲ ಕಳೆದುಕೊಳ್ಳುತ್ತಾಳೆ. ಕೊನೆಯಲ್ಲಿ ಮಗಳ ಹೆಣ ಹೂಳಲು ರೈತರಿಗೆ ಹಣ ಕೊಡುವಾಗ, ಹೆಲೀನ್ ವೈಗೆಲ್ ಕೈಗೆ ತೆಗೆದುಕೊಂಡ ನಾಣ್ಯಗಳಲ್ಲಿ ಒಂದನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅಷ್ಟು ದುಃಖದಲ್ಲೂ ಲೆಕ್ಕ ಮರೆಯದ ಬಡ ವ್ಯಾಪಾರಿಯ ಬಾಳು ಆ ಒಂದು ನಾಣ್ಯದಲ್ಲಿತ್ತು. ಇಂಥದು ಗಂಟಲು ಹರಿದುಕೊಂಡು ಅರಚಿದರೆ ಬರುವುದಿಲ್ಲ. ತಾಳ್ಮೆಯಿಂದ ಹುಡುಕಿದರೆ ಬರುತ್ತದೆ.

ಆದರೆ ಮೆಚ್ಚುಗೆಯಲ್ಲಿ ಕಣ್ಣು ಮುಚ್ಚಬಾರದು. ಅದೇ ನಗರದಲ್ಲಿ 1953ರಲ್ಲಿ ಸರ್ಕಾರವು ಕೂಲಿ ಹೆಚ್ಚಿಸದೆ ಕೆಲಸದ ಪ್ರಮಾಣವನ್ನು ಶೇಕಡಾ 10ರಷ್ಟು ಏರಿಸಿತು. ಕಟ್ಟಡ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಜೂನ್ 17ರಂದು ಸೋವಿಯತ್ ಟ್ಯಾಂಕುಗಳು ಅವರೆದುರು ಬಂದವು. ಜನರೊಡನೆ ಚರ್ಚೆ ನಡೆಯಲೆಂಬ ಮಾತನ್ನೂ ಸೇರಿಸಿ ಬ್ರೆಕ್ಟ್ ಪಕ್ಷದ ನಾಯಕ ಉಲ್ಬ್ರಿಕ್ಟ್‌ಗೆ ಬರೆದ ಪತ್ರದಲ್ಲಿ, ಪಕ್ಷಕ್ಕೆ ನಿಷ್ಠೆ ಸೂಚಿಸುವ ಕೊನೆಯ ವಾಕ್ಯವನ್ನು ಮಾತ್ರ ಪಕ್ಷದ ಪತ್ರಿಕೆ ಅಚ್ಚುಹಾಕಿತು. ತಾಲೀಮಿನ ಕೋಣೆಯಲ್ಲಿ ಕಿರಿಯ ನಟನಿಗಿದ್ದ ಮಾತಿನ ಹಕ್ಕು ಬೀದಿಯಲ್ಲಿ ಇಟ್ಟಿಗೆ ಹೊರುವವನಿಗೆ ಇರಲಿಲ್ಲ! ಸಮಾಜವಾದದ ಹೆಸರಿನಲ್ಲಿ ನಡೆದ ಈ ಅನ್ಯಾಯವನ್ನು ಸಮಾಜವಾದಿಗಳೇ ಮೊದಲು ಖಂಡಿಸಬೇಕು.

ನಮ್ಮ ಕಾರ್ಮಿಕ ಗೆಳೆಯರ ನಾಟಕ ಸಂಘಗಳಿಗೆ ಸರ್ಕಾರದ ಹಣವಿಲ್ಲ, ತಿಂಗಳುಗಟ್ಟಲೆ ಬಿಡುವಿಲ್ಲ. ಪಾಳಿ ಮುಗಿದ ಮೇಲೆ, ಅಂಗಡಿ ಬಾಗಿಲು ಹಾಕಿದ ಮೇಲೆ ಸಿಗುವುದು ಎರಡು ಗಂಟೆ. ಆ ಎರಡು ಗಂಟೆಯಲ್ಲೂ ನಿರ್ದೇಶಕನು ಮಿಲ್ಲಿನ ಮೇಸ್ತ್ರಿಯಂತೆ ಗದರುತ್ತಿದ್ದರೆ, ದುಡಿಯುವವನ ಸ್ವಾತಂತ್ರ್ಯದ ಬಗ್ಗೆ ಎಂಥ ನಾಟಕವಾಡಿ ಏನು ಫಲ? ಮಾತು ಕಂಠಪಾಠ ಮಾಡುವ ಮೊದಲು ಮಾತಿನ ಅರ್ಥವನ್ನು ಎಲ್ಲರೂ ಕೂಡಿ ಹುಡುಕಲಿ. ದೀಪ ಹಿಡಿಯುವವನೂ ತನ್ನ ಅಭಿಪ್ರಾಯ ಹೇಳಲಿ. ತಾಲೀಮಿನಲ್ಲಿ ಬಾಯಿ ಬಿಟ್ಟವನು ನಾಳೆ ಮಿಲ್ಲಿನ ಗೇಟಿನ ಮುಂದೆಯೂ ಬಾಯಿ ಬಿಡುತ್ತಾನೆ.