ಇಡೀ ತರಗತಿಗೊಂದು ಬಹುಮಾನ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ನಲವತ್ತು ಮಕ್ಕಳು ಒಟ್ಟಿಗೆ ಗದ್ದಲ ಎಬ್ಬಿಸಿದಾಗ ಬೆತ್ತ ಬಿಟ್ಟ ಕೈ ಏನು ಮಾಡಬೇಕು? ತಂಡಕ್ಕೆ ಬಹುಮಾನ ಕೊಡುವುದು ಒಂದು ದಾರಿ. ನಾನು ಅದರ ಪರವಾಗಿದ್ದೇನೆ, ಒಂದು ಷರತ್ತಿನೊಂದಿಗೆ.

ಈ ಪದ್ಧತಿಯ ಪ್ರಸಿದ್ಧ ಪ್ರಯೋಗ ಅಮೆರಿಕದ ಕಾನ್ಸಸ್ ರಾಜ್ಯದ ನಾಲ್ಕನೇ ತರಗತಿಯೊಂದರಲ್ಲಿ ನಡೆದು, 1969ರಲ್ಲಿ ಪ್ರಕಟವಾಯಿತು. ಹೆಸರು ‘ಗುಡ್ ಬಿಹೇವಿಯರ್ ಗೇಮ್’. ತರಗತಿಯನ್ನು ಎರಡು ತಂಡ ಮಾಡಿದರು. ಅಪ್ಪಣೆಯಿಲ್ಲದೆ ಎದ್ದರೆ, ನಡುವೆ ಮಾತಾಡಿದರೆ, ಆ ತಂಡದ ಹೆಸರಿನ ಕೆಳಗೆ ಬೋರ್ಡಿನ ಮೇಲೊಂದು ಗೀಟು. ಕಡಿಮೆ ಗೀಟಿನ ತಂಡ ಗೆದ್ದಂತೆ. ಎರಡರದ್ದೂ ಮಿತಿಯೊಳಗಿದ್ದರೆ ಎರಡೂ ಗೆದ್ದಂತೆ. ಬಹುಮಾನವೂ ದುಬಾರಿಯದಲ್ಲ: ಎದೆಗೊಂದು ಬಿಲ್ಲೆ, ಊಟದ ಸಾಲಿನಲ್ಲಿ ಮೊದಲ ಸ್ಥಾನ, ದಿನದ ಕೊನೆಗೆ ಅರ್ಧ ಗಂಟೆ ಬಿಡುವು. ಗದ್ದಲ ಗಣನೀಯವಾಗಿ ಇಳಿಯಿತು. ಆಟ ನಿಲ್ಲಿಸಿದಾಗ ಮರಳಿತು, ಮತ್ತೆ ಶುರುಮಾಡಿದಾಗ ಮತ್ತೆ ಇಳಿಯಿತು.

ಇದರ ಗುಟ್ಟು ಬಿಲ್ಲೆಯಲ್ಲಿಲ್ಲ ಎನಿಸುತ್ತದೆ. ಹಿಂದಿನ ಬೆಂಚಿನ ಹುಡುಗ ಪಾಠದ ಮಧ್ಯೆ ಕೂಗು ಹಾಕುವುದು ಮೇಷ್ಟರಿಗಾಗಿ ಅಲ್ಲ, ಗೊಳ್ಳೆಂದು ನಗುವ ಗೆಳೆಯರಿಗಾಗಿ. ಆ ನಗುವಿನ ಮುಂದೆ ಬೈಗುಳ ಯಾವ ಲೆಕ್ಕ? ತಂಡದ ಬಹುಮಾನ ಬಂದಾಗ ನಗುತ್ತಿದ್ದವರೇ ‘ಸುಮ್ನಿರೋ’ ಅನ್ನುತ್ತಾರೆ. 1980ರ ದಶಕದಲ್ಲಿ ಬಾಲ್ಟಿಮೋರ್‌ನ ಒಂದನೇ ತರಗತಿಗಳಲ್ಲಿ ಶೆಪರ್ಡ್ ಕೆಲಮ್ ಮತ್ತು ಸಂಗಡಿಗರು ಇದೇ ಆಟ ಆಡಿಸಿ, ಆ ಮಕ್ಕಳನ್ನು 19–21ರ ವಯಸ್ಸಿನವರೆಗೂ ಗಮನಿಸಿದರು. ಚಿಕ್ಕಂದಿನಲ್ಲಿ ಹೆಚ್ಚು ಜಗಳಗಂಟರಾಗಿದ್ದ ಹುಡುಗರಲ್ಲಿ, ಆಟ ಆಡಿದವರು ಮಾದಕ ವಸ್ತುಗಳ ಚಟಕ್ಕೆ ಬಿದ್ದದ್ದು ಕಡಿಮೆ.

ಆದರೆ ಕಾನ್ಸಸ್‌ನ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಇಬ್ಬರು ಮಕ್ಕಳು ಆಟಕ್ಕೆ ಬಗ್ಗಲಿಲ್ಲ. ಅವರಿಂದ ತಂಡದವರೆಲ್ಲ ಸೋಲುವುದು ಸರಿಯಲ್ಲವೆಂದು ಇಬ್ಬರನ್ನೂ ತಂಡದಿಂದ ತೆಗೆದರು. ಉಳಿದವರಿಗೆ ಇದು ನ್ಯಾಯವೇ. ಆ ಇಬ್ಬರಿಗೆ? ನಮ್ಮ ಶಾಲೆಗಳಲ್ಲಿ ಮಾನಿಟರ್ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆದು, ಮತ್ತೆ ಮಾತಾಡಿದರೆ ಪಕ್ಕದಲ್ಲಿ ಗುಣಾಕಾರದ ಗುರುತು ಹಾಕುತ್ತಾ ಹೋಗುವುದನ್ನು ನೋಡದವರಿಲ್ಲ. ಅದರ ಜೊತೆಗೆ ‘ನಿನ್ನಿಂದಲೇ ನಮ್ಮ ಆಟದ ಪೀರಿಯಡ್ ಹೋಯಿತು’ ಎಂಬುದೂ ಸೇರಿದರೆ, ಕೂತಲ್ಲಿ ಕೂರಲಾಗದ ಮಗುವಿನ ಗತಿಯೇನು? ಬೆತ್ತಕ್ಕೆ ಕಾನೂನಿನ ತಡೆಯಿದೆ, ಮೇಷ್ಟರ ಕಣ್ಣು ತಪ್ಪಿಸಿ ಇಂಟರ್‌ವಲ್‌ನಲ್ಲಿ ಬೀಳುವ ಗುದ್ದಿಗೆ ಯಾವ ತಡೆ?

ಹಾಗಾಗಿ ನನ್ನ ಷರತ್ತು: ಒಂದು ಮಗು ತಪ್ಪಿದ್ದಕ್ಕೆ ಇಡೀ ತಂಡದ ಬಹುಮಾನ ಹೋಗಬಾರದು. ಒಬ್ಬರ ಲೆಕ್ಕದಲ್ಲಿ ಒಂದೆರಡು ಗೀಟಿಗಿಂತ ಹೆಚ್ಚು ಹಿಡಿಯಬಾರದು. ತಪ್ಪು ಎಣಿಸುವ ಬದಲು ಒಳ್ಳೆಯದನ್ನು ಎಣಿಸಿದರೆ ಇನ್ನೂ ಉತ್ತಮ. ಆಗ ಚಡಪಡಿಸುವ ಹುಡುಗಿ ಪುಸ್ತಕ ಹಂಚಿಯೂ ತಂಡಕ್ಕೆ ಅಂಕ ತರಬಲ್ಲಳು. ಎಲ್ಲ ತಂಡಗಳೂ ಗೆಲ್ಲಬಹುದಾದ ಗುರಿ ಇರಲಿ. ಬಹುಮಾನ ಚಾಕೊಲೇಟ್ ಬೇಡ, ಮೈದಾನದಲ್ಲಿ ಹತ್ತು ನಿಮಿಷ ಸಾಕು.

ಮಕ್ಕಳು ತಾವಾಗಿಯೇ ಖುಷಿಯಿಂದ ಮಾಡುವ ಕೆಲಸಕ್ಕೆ ಮಾತ್ರ ಬಹುಮಾನ ಕಟ್ಟಬಾರದು. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಮುಂಚೆಯೇ ಪ್ರಶಸ್ತಿ ಪತ್ರದ ಆಸೆ ಹುಟ್ಟಿಸಿದರೆ ಆಮೇಲೆ ಅವರ ಆಸಕ್ತಿಯೇ ಕುಗ್ಗುತ್ತದೆಂದು ಲೆಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ತೋರಿಸಿದರು. ಕಥೆ ಓದುವ ಮಗು ಓದಿಕೊಳ್ಳಲಿ, ಬಿಡಿ.

ಇಷ್ಟೆಲ್ಲ ಮಾಡಿದರೂ ಗದ್ದಲ ಯಾವಾಗಲೂ ಒಂದೇ ಪೀರಿಯಡ್‌ನಲ್ಲಿ ಏಳುತ್ತಿದ್ದರೆ, ತಿದ್ದಬೇಕಾದದ್ದು ಮಕ್ಕಳನ್ನಲ್ಲ, ಆ ಪೀರಿಯಡ್‌ನ ಪಾಠವನ್ನು.