ಅಟ್ಟದ ಕೊಬ್ಬರಿ ಮಾರಿ ಕ್ಯಾಮೆರಾ ತರುವ ಮುಂಚೆ

ಹೋದ ತಿಂಗಳು ಅರಳಗುಪ್ಪೆಯಿಂದ ಚಿಕ್ಕಪ್ಪ ಫೋನ್ ಮಾಡಿದ್ದರು.

"ನಿನ್ ತಮ್ಮ ಕ್ಯಾಮೆರಾ ಕ್ಯಾಮೆರಾ ಅಂತ ಪ್ರಾಣ ತಿಂತಾವ್ನೆ. ಅಟ್ಟದ ಮೇಲಿರೋ ಕೊಬ್ಬರಿ ಹಾಕಿದ್ರೆ ದುಡ್ಡಾಗ್ತದೆ. ನೀನು ಜರ್ನಲಿಸಂ ಓದ್ದೋನು, ಕ್ಯಾಮೆರಾ ಹಿಡಿದೋನು. ಕೊಡಿಸ್ಲೋ ಬೇಡ್ವೋ ನೀನೇ ಹೇಳಪ್ಪ."

ತಮ್ಮ ಅಂದರೆ ಚಿಕ್ಕಪ್ಪನ ಮಗ. ಡಿಗ್ರಿ ಮುಗಿಸಿದ್ದಾನೆ. ಮದುವೆ ಸೀಸನ್ನಿನಲ್ಲಿ ತಿಪಟೂರಿನ ಫೋಟೋಗ್ರಾಫರ್ ಒಬ್ಬರ ಜೊತೆ ಲೈಟ್ ಹಿಡಿಯಲು ಹೋಗುತ್ತಾನೆ. ಈಗ ಸ್ವಂತ ಕ್ಯಾಮೆರಾ ಬೇಕು ಅಂತ ಹಟ. ಅಂಗಡಿಯಲ್ಲಿ ವಿಚಾರಿಸಿಯೂ ಬಂದಿದ್ದ. ಹೊಸ ಡಿಎಸ್‌ಎಲ್‌ಆರ್, ಎರಡು ಲೆನ್ಸ್, ಬ್ಯಾಗು, ಕಾರ್ಡು, ಟ್ರೈಪಾಡ್ ಎಲ್ಲ ಸೇರಿ ನಲವತ್ತು ಸಾವಿರದ ಮೇಲೆ. ದುಡ್ಡಿಲ್ಲದಿದ್ದರೆ ಇಎಂಐ.

ಈ ದುಡ್ಡನ್ನು ನಮ್ಮ ಕಡೆಯ ಲೆಕ್ಕದಲ್ಲಿ ನೋಡಿ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಮಾರುಕಟ್ಟೆ ದರ ಏರುತ್ತೆ, ಇಳಿಯುತ್ತೆ. ಆದರೆ ಆ ಬೆಲೆ ಇಟ್ಟುಕೊಂಡರೆ ನಲವತ್ತು ಸಾವಿರ ಅಂದರೆ ಮೂರು ಕ್ವಿಂಟಲ್‌ಗೂ ಜಾಸ್ತಿ ಕೊಬ್ಬರಿ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಮಾಲು. ಅದರ ಮೇಲೆ ಗೊಬ್ಬರದ ಸಾಲ, ತಂಗಿಯ ಫೀಸು, ಕೈಕೊಟ್ಟ ಮೋಟರಿನ ರಿಪೇರಿ ಎಲ್ಲವೂ ಕಣ್ಣಿಟ್ಟಿರುತ್ತವೆ.

ಹಾಗಂತ "ಬೇಡ" ಅನ್ನಲು ನನಗೆ ಮನಸ್ಸಾಗಲಿಲ್ಲ. ತೋಟ ನಂಬಿ ಕೂರಲಾಗದ ಹುಡುಗ, ಕೈಯಲ್ಲೊಂದು ಕಸುಬು ಬೇಕು ಅನ್ನುವುದು ತಪ್ಪಲ್ಲ. ನಾನು ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟು: ಕೊಡಿಸಿ. ಆದರೆ ಹೊಸದು ಬೇಡ, ಎರಡು ಲೆನ್ಸಿನ ಕಿಟ್ ಬೇಡ, ಇಎಂಐ ಬೇಡ. ಹಳೇ ಬಾಡಿ ತಗೊಳ್ಳಿ, ಉಳಿದ ದುಡ್ಡಲ್ಲಿ ಒಂದು ಒಳ್ಳೆ ಲೆನ್ಸ್ ತಗೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ತಮ್ಮನೋ ತಂಗಿಯೋ ಇರಬಹುದು.

ನಾನು ಮಾಡಿದ ತಪ್ಪು

ಕಾಲೇಜು ಮುಗಿದ ವರ್ಷ ನಾನು ತಂದದ್ದೂ ಅದೇ ಎರಡು ಲೆನ್ಸಿನ ಕಿಟ್, ಅದೂ ಕಂತಿನಲ್ಲಿ. ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್ ನೋಡಿಯೇ ಮರುಳಾಗಿದ್ದೆ. ಒಂದು ವರ್ಷದಲ್ಲಿ ಅದನ್ನು ಹಾಕಿದ್ದು ಹತ್ತು ಸಲವೂ ಇಲ್ಲ. ಮಳೆಗಾಲ ಕಳೆದು ಬ್ಯಾಗ್ ತೆಗೆದರೆ ಗಾಜಿನೊಳಗೆ ಜೇಡರಬಲೆ ಥರ ಫಂಗಸ್. ಇತ್ತ ಸಾಧಾರಣ ಕ್ಯಾಮೆರಾದ ಕಂತು ಇನ್ನೂ ನಡೆಯುತ್ತಿತ್ತು, ಅತ್ತ ಮದುವೆ ಮನೆಯ ಕತ್ತಲಲ್ಲಿ ನನ್ನ ಫೋಟೋಗಳು ಮಸುಕಾಗಿ ಬರುತ್ತಿದ್ದವು.

ತಪ್ಪು ಕ್ಯಾಮೆರಾದ್ದಲ್ಲ. ನಾನು ಏನು ತೆಗೆಯುತ್ತೇನೆ ಅಂತ ಯೋಚಿಸದೆ, ಏನೇನು ಫ್ರೀ ಸಿಗುತ್ತೆ ಅಂತ ನೋಡಿದ್ದು ತಪ್ಪು.

ಬಾಡಿಗಿಂತ ಲೆನ್ಸ್ ಯಾಕೆ ಮುಖ್ಯ

ಮೊದಲು ಫೋನಿನ ಮಾತು. "ನನ್ನ ಫೋನಲ್ಲೇ 50 ಮೆಗಾಪಿಕ್ಸೆಲ್ ಇದೆ, 24 ಮೆಗಾಪಿಕ್ಸೆಲ್ ಕ್ಯಾಮೆರಾ ಯಾಕೆ?" ಅಂತ ಕೇಳುವವರಿದ್ದಾರೆ. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಕೊಪ್ಪರಿಗೆ ಇಟ್ಟು ನೋಡಿ. ಎರಡರ ಮೇಲೂ ಬೀಳುವುದು ಅದೇ ಮಳೆ, ನೀರು ಜಾಸ್ತಿ ತುಂಬುವುದು ಕೊಪ್ಪರಿಗೆಯಲ್ಲಿ. ಫೋನಿನ ಸೆನ್ಸರ್ ಲೋಟ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ನ ಸೆನ್ಸರ್ ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರದ ಕೊಪ್ಪರಿಗೆ. ಬೆಳಕು ಕಮ್ಮಿ ಇರುವಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಹಗಲು ಬಿಸಿಲಲ್ಲಿ ತೋಟದ ಫೋಟೋ, ಸುದ್ದಿಗೊಂದು ಫೋಟೋ, ವಾಟ್ಸಾಪ್ ಸ್ಟೇಟಸ್ ಅಷ್ಟೇ ಸಾಕು ಅನ್ನುವವರು ಕ್ಯಾಮೆರಾ ತರಲೇಬೇಡಿ. ಫೋನ್ ಸಾಕು.

ಇನ್ನು ಆ ಕೊಪ್ಪರಿಗೆಗೆ ನೀರು ಬಿಡುವ ತೂಬು ಲೆನ್ಸ್. ತೂಬಿನ ಬಾಯಿ ಎಷ್ಟು ದೊಡ್ಡದು ಅನ್ನುವುದನ್ನು 'ಎಫ್' ಸಂಖ್ಯೆ ಹೇಳುತ್ತೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಕ್ಯಾಮೆರಾ ಜೊತೆ ಬರುವ 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಸಿಗುವುದು ಎಫ್ 5.6. ಅದೇ 50 ಮಿ.ಮೀ. ಎಫ್ 1.8 ಲೆನ್ಸ್ ಒಳಬಿಡುವ ಬೆಳಕು ಅದರ ಒಂಬತ್ತು ಪಟ್ಟಿಗೂ ಹೆಚ್ಚು. ಧಾರೆ ಎರೆಯುವ ಹೊತ್ತಿನಲ್ಲಿ ಕೈ ಅಲುಗಾಡಿದರೂ ಫೋಟೋ ನಿಲ್ಲಬೇಕಾದರೆ ಈ ಒಂಬತ್ತು ಪಟ್ಟು ಬೇಕು. ಬಾಡಿ ಬದಲಾಯಿಸಿದರೆ ಇಷ್ಟು ಲಾಭ ಸಿಗುವುದಿಲ್ಲ.

ಆದರೆ ಒಂದು ತೊಡಕಿದೆ. ಈ ಚಿಕ್ಕ ಸೆನ್ಸರಿನ ಡಿಎಸ್‌ಎಲ್‌ಆರ್ ಮೇಲೆ 50 ಮಿ.ಮೀ. ಲೆನ್ಸ್ ಹಾಕಿದರೆ ನೋಟ ಇನ್ನೂ ಇಕ್ಕಟ್ಟಾಗುತ್ತೆ. ಛತ್ರದಲ್ಲಿ ವಧೂವರರ ಮುಖಕ್ಕೆ ಚೆನ್ನ. ಮನೆ ನಡುಮನೆಯ ನಾಮಕರಣಕ್ಕೆ ಹಿಂದೆ ಸರಿದು ಸರಿದು ಗೋಡೆಗೆ ಬೆನ್ನು ತಾಗುತ್ತೆ. ಅಲ್ಲಿಗೆ 18-55 ಬೇಕು. ನಿಕಾನ್ ತಗೊಂಡವರಿಗೆ 35 ಮಿ.ಮೀ. ಎಫ್ 1.8 ಅನ್ನುವ ಲೆನ್ಸ್ ಇದೆ, ಮನೆ ಕಾರ್ಯಕ್ರಮಕ್ಕೆ ಅದು ಹೆಚ್ಚು ಹೊಂದುತ್ತೆ.

ಯಾವ ಬಾಡಿ?

ಡಿಎಸ್‌ಎಲ್‌ಆರ್ ಕಾಲ ಮುಗಿಯುತ್ತಾ ಬಂತು. ಕಂಪನಿಗಳು ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿವೆ. "ಹಂಗಾದ್ರೆ ಹಳೇ ಕಾಲದ್ದು ಯಾಕೆ ತಗೋಬೇಕು?" ಅಂತ ತಮ್ಮನೂ ಕೇಳಿದ. ನನಗೆ ಕಾಣುವುದು ಬೇರೆ. ಪಟ್ಟಣದವರು ಮಿರರ್‌ಲೆಸ್ ಕೊಳ್ಳಲು ಡಿಎಸ್‌ಎಲ್‌ಆರ್ ಮಾರುತ್ತಿರುವಾಗ, ಕೈಯಲ್ಲಿ ಕಮ್ಮಿ ದುಡ್ಡಿರುವ ನಮ್ಮಂಥವರಿಗೆ ಇದೇ ಸಮಯ. ಮುಂದೆ ನೀವೂ ಮಿರರ್‌ಲೆಸ್‌ಗೆ ಹೋದರೆ, ಕೆನಾನ್‌ನ ಇಎಫ್ ಲೆನ್ಸುಗಳು, ನಿಕಾನ್‌ನ ಎಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದರಲ್ಲೂ ನಡೆಯುತ್ತವೆ. ಲೆನ್ಸಿಗೆ ಹಾಕಿದ ದುಡ್ಡು ಪೂರ್ತಿ ಮುಳುಗುವುದಿಲ್ಲ.

ಹೆಚ್ಚು ಸಿಗುವ ಬಾಡಿಗಳು ಇವು. 2018ರಲ್ಲಿ ಬಂದ ಕೆನಾನ್ 1500ಡಿ ಮತ್ತು ನಿಕಾನ್ ಡಿ3500 ಎರಡೂ 24 ಮೆಗಾಪಿಕ್ಸೆಲ್. ಫೋಟೋಗೆ ಎರಡೂ ಸಾಕು. ಆದರೆ ಎರಡರಲ್ಲೂ ಹೊರಗಿನ ಮೈಕ್ ಹಾಕಲು ತೂತಿಲ್ಲ. ಯೂಟ್ಯೂಬ್ ಸುದ್ದಿ, ಮದುವೆ ವಿಡಿಯೋ ಮಾಡುವ ಆಸೆ ಇದ್ದರೆ ಇದು ದೊಡ್ಡ ಕೊರತೆ. ಅಂಥವರು 2017ರ ಕೆನಾನ್ 200ಡಿ ಅಥವಾ ನಿಕಾನ್ ಡಿ5300, ಡಿ5600 ಹುಡುಕಿ. ಮೈಕ್ ಹಾಕಬಹುದು, ಪರದೆಯನ್ನೂ ತಿರುಗಿಸಬಹುದು.

ನಿಕಾನ್ ತಗೊಳ್ಳುವವರು ಇನ್ನೊಂದು ನೆನಪಿಡಿ. ಡಿ3000, ಡಿ5000 ಸಾಲಿನ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಗುತ್ತೆ ಅಂತ ಹಳೇ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿದೆಯಾ ನೋಡಿ.

ದುಡ್ಡನ್ನು ಹತ್ತು ಪಾಲು ಮಾಡಿ. ಐದು ಪಾಲು 18-55 ಸಮೇತ ಹಳೇ ಬಾಡಿಗೆ. ಮೂರು ಪಾಲು ಎಫ್ 1.8 ಲೆನ್ಸಿಗೆ. ಎರಡು ಪಾಲು ಇನ್ನೊಂದು ಬ್ಯಾಟರಿ, ಎರಡು ಕಾರ್ಡ್, ಗಾಳಿಯಾಡದ ಡಬ್ಬಕ್ಕೆ. ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಎರಡನೇ ಬ್ಯಾಟರಿ ಇಲ್ಲದೆ ಮದುವೆ ಒಪ್ಪಿಕೊಳ್ಳಬೇಡಿ.

ಹಳೇದು ಕೊಳ್ಳುವಾಗ

ದನ ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ, ಹಾಗೆ ಕ್ಯಾಮೆರಾಗೂ ನೋಡಬೇಕು. ಈ ದರ್ಜೆಯ ಕ್ಯಾಮೆರಾದ ಶಟರ್ ಸುಮಾರು ಒಂದು ಲಕ್ಷ ಕ್ಲಿಕ್ ತಡೆಯುತ್ತೆ ಅನ್ನುವುದು ಲೆಕ್ಕ. ಒಂದು ಮದುವೆಗೆ ಎರಡು ಸಾವಿರ ಕ್ಲಿಕ್ ಅಂತ ಇಟ್ಟರೆ ಐವತ್ತು ಮದುವೆ. ಹಾಗಾಗಿ ಸ್ಟುಡಿಯೋದವರ ಹಳೇ ಕ್ಯಾಮೆರಾಗಿಂತ, ಆಸೆಗೆ ಕೊಂಡು ಬೀರುವಿನಲ್ಲಿಟ್ಟ ಬೆಂಗಳೂರಿನವರ ಕ್ಯಾಮೆರಾ ಮೇಲು. ನಿಕಾನ್ ಆದರೆ ಒಂದು ಫೋಟೋ ತೆಗೆದು ಅದರ ಫೈಲಿನಿಂದಲೇ ಕ್ಲಿಕ್ ಸಂಖ್ಯೆ ತಿಳಿಯಬಹುದು. ಕೆನಾನ್‌ನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಹಿಡಿಕೆಯ ರಬ್ಬರ್, ಬಟನ್ನುಗಳ ಸವಕಳಿ ನೋಡಿ ಅಂದಾಜು ಮಾಡಬೇಕು.

ಬೀರುವಿನ ಕ್ಯಾಮೆರಾಗೆ ಬೇರೆ ರೋಗ ಇರುತ್ತೆ, ಅದೇ ಫಂಗಸ್. ಲೆನ್ಸ್ ಬಿಚ್ಚಿ, ಹಿಂದಿನಿಂದ ಫೋನ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಗಾಜಿನೊಳಗೆ ನೂಲಿನೆಳೆ ಥರ ಕಂಡರೆ ಬೇಡ. ಎಷ್ಟೇ ಬೆಲೆ ಇಳಿಸಿದರೂ ಬೇಡ.

ಫೋಟೋ ನೋಡಿ ಮುಂಗಡ ಹಾಕಬೇಡಿ. "ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೇ ದುಡ್ಡು ಬರುತ್ತೆ" ಅಂದರೆ ಫೋನ್ ಇಟ್ಟುಬಿಡಿ. ಪಿನ್ ಹಾಕಿದರೆ ನಿಮ್ಮ ದುಡ್ಡು ಹೋಗುತ್ತೆ, ಬರುವುದಿಲ್ಲ. ರೈಲು ಹತ್ತಿ ಹೋಗಿ, ಕೈಯಲ್ಲಿ ಹಿಡಿದು, ನಿಮ್ಮ ಕಾರ್ಡ್ ಹಾಕಿ ಐವತ್ತು ಫೋಟೋ ತೆಗೆದು, ಬಿಲ್ ಕೇಳಿ, ಆಮೇಲೆ ದುಡ್ಡು ಕೊಡಿ.

ವಾರಂಟಿ ಇರಲ್ಲ ಅನ್ನುವುದು ನಿಜ. ಆದರೆ ಕಸುಬು ಕೈ ಹತ್ತದಿದ್ದರೆ ಹಳೇದನ್ನು ಹೆಚ್ಚು ನಷ್ಟವಿಲ್ಲದೆ ಮಾರಬಹುದು. ಹೊಸದರ ಬೆಲೆ ಅಂಗಡಿ ಮೆಟ್ಟಿಲು ಇಳಿಯುವಷ್ಟರಲ್ಲೇ ಬಿದ್ದಿರುತ್ತೆ, ಕಂತು ಮಾತ್ರ ಬೀಳುವುದಿಲ್ಲ.

ಕಲಿಯಲು ಊರೇ ಸಾಕು

ತಮ್ಮ ಕೊನೆಗೆ ತಂದದ್ದು ಹಳೇ 200ಡಿ, ಜೊತೆಗೆ 18-55. ಎಫ್ 1.8 ಲೆನ್ಸನ್ನು ಮೊದಲ ಸಂಪಾದನೆಯಲ್ಲಿ ತಗೋ ಅಂದೆ. ಅಟ್ಟದ ಕೊಬ್ಬರಿಯಲ್ಲಿ ಮುಕ್ಕಾಲು ಪಾಲು ಇನ್ನೂ ಅಲ್ಲೇ ಇದೆ.

ಕ್ಯಾಮೆರಾ ಬಂದ ವಾರ ನಾನು ಊರಿಗೆ ಹೋಗಿದ್ದೆ. ಇಬ್ಬರೂ ದೇವಸ್ಥಾನಗಳಿಗೆ ಹೋದೆವು. ಅರಳಗುಪ್ಪೆಯಲ್ಲಿ ಎರಡಿವೆ. ಹೊಯ್ಸಳರ ಕಾಲದ ಚೆನ್ನಕೇಶವ, 13ನೇ ಶತಮಾನದ್ದು, ಹೊನೋಜ ಅನ್ನುವ ಶಿಲ್ಪಿಯ ಕೈ ಅದರಲ್ಲಿದೆ. ಇನ್ನೊಂದು ಅದಕ್ಕೂ ಹಳೆಯ ಕಲ್ಲೇಶ್ವರ, 9ನೇ ಶತಮಾನದ ನೊಳಂಬರ ಶೈಲಿಯದು. ಚೆನ್ನಕೇಶವದ ಹೊರಗೋಡೆಗೆ ಬೆಳಗಿನ ಓರೆ ಬಿಸಿಲಲ್ಲಿ 18-55 ಲೆನ್ಸನ್ನೇ ಎಫ್ 8ರಲ್ಲಿಟ್ಟು ತೆಗೆಸಿದೆ. ಬೆಳಕಿದ್ದರೆ ಅಗ್ಗದ ಲೆನ್ಸೂ ಒಡವೆಯ ಎಳೆ ಎಳೆ ತೋರಿಸುತ್ತೆ.

ಕಲ್ಲೇಶ್ವರದ ಒಳಗೆ ಕತ್ತಲು. ಅಲ್ಲಿನ ಚಾವಣಿಯಲ್ಲಿ ನಡುವೆ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಫ್ಲ್ಯಾಶ್ ಹಾಕಿದರೆ ಕೆತ್ತನೆಯ ಆಳವೆಲ್ಲ ಸತ್ತು ಚಪ್ಪಟೆಯಾಗುತ್ತೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. "ಇದಕ್ಕೆ ದೊಡ್ಡ ಕ್ಯಾಮೆರಾನೇ ಬೇಕು ಕಣಣ್ಣ" ಅಂದ.

ಬೇಡ ಅಂದೆ. ಪೂಜೆಯವರನ್ನು ಕೇಳಿ, ಜನ ಇಲ್ಲದ ಹೊತ್ತಲ್ಲಿ ಟವಲ್ ಮಡಚಿ ನೆಲಕ್ಕೆ ಹಾಸಿದೆವು. ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಲೆನ್ಸ್ ಮೇಲಕ್ಕೆ. ಜೂಮ್ 18ಕ್ಕೆ, ಐಎಸ್‌ಒ 100, ಎಫ್ 8. ಟಾರ್ಚ್ ಬಿಟ್ಟು ಫೋಕಸ್ ಮಾಡಿ, ಆಮೇಲೆ ಫೋಕಸನ್ನು ಮ್ಯಾನ್ಯುಯಲ್‌ಗೆ ತಂದು, ಹತ್ತು ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿದೆವು. ಶಟರ್ ಕೆಲವು ಸೆಕೆಂಡ್ ತೆರೆದೇ ಇತ್ತು. ಮೊದಲಿನ ಮೂರು ಫೋಟೋ ಕಪ್ಪು, ನಾಲ್ಕನೆಯದರಲ್ಲಿ ಶಿವ ಬಂದ.

ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ಆ ಫೋಟೋವನ್ನು ಫೋನಿನಲ್ಲಿ ಎರಡು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಹುಟ್ಟಿದಾಗಿಂದ ಆ ಗುಡಿಗೆ ಹೋಗ್ತಾ ಇದೀನಿ. ಕತ್ತೆತ್ತಿ ಇಷ್ಟು ನೋಡಿರ್ಲಿಲ್ಲ" ಅಂದರು. ಆಮೇಲೆ ಮಗನ ಕಡೆ ತಿರುಗಿ, "ಗುಡಿ ಫೋಟೋಗೆ ಯಾರೂ ದುಡ್ಡು ಕೊಡಲ್ಲ. ಮುಂದಿನ ವಾರ ಪಕ್ಕದ ಮನೆ ನಾಮಕರಣ ಐತೆ, ಕೇಳಿದೀನಿ, ಹೋಗು" ಅಂದರು.

ಕ್ಯಾಮೆರಾ ಕೊಳ್ಳುವ ಯೋಚನೆ ಇದ್ದರೆ ಮೊದಲು ಒಂದು ಹಾಳೆ ತಗೊಳ್ಳಿ. ಮುಂದಿನ ಆರು ತಿಂಗಳಲ್ಲಿ ಏನೇನು ತೆಗೆಯುತ್ತೀರಿ, ಎಲ್ಲಿ, ಯಾವ ಹೊತ್ತಲ್ಲಿ, ಅದಕ್ಕೆ ಯಾರು ದುಡ್ಡು ಕೊಡುತ್ತಾರೆ ಅಂತ ಬರೆಯಿರಿ. ಹಾಳೆ ತುಂಬಿದರೆ ಕ್ಯಾಮೆರಾ ನೋಡಲು ಹೋಗಿ. ತುಂಬದಿದ್ದರೆ ಕೊಬ್ಬರಿ ಅಟ್ಟದಲ್ಲೇ ಇರಲಿ.