ಆಗಸದ ನುಡಿ, ಆಲಿಸುವವರ ಹೊಣೆ



ಮುಗಿಲಿನಲ್ಲಿ ಸಾಗುವ ವಿಮಾನವು ನೆಲದೊಡನೆ ಅಕ್ಷರರೂಪದಲ್ಲಿಯೂ ಸಂಭಾಷಿಸುತ್ತದೆಂಬುದು ನಮ್ಮಲ್ಲಿ ಅನೇಕರು ಅರಿಯದ ಸಂಗತಿ. ಅಮೆರಿಕದ ಏರಿಂಕ್ ಸಂಸ್ಥೆಯು 1978ರಲ್ಲಿ ಬಳಕೆಗೆ ತಂದ ಈ ವ್ಯವಸ್ಥೆಗೆ ಏಕಾರ್ಸ್ ಎಂದು ಹೆಸರು. ವಿಮಾನವು ನಿಲ್ದಾಣದಿಂದ ಹೊರಟ, ಮೇಲೆದ್ದ, ನೆಲ ಮುಟ್ಟಿದ ಹಾಗೂ ನಿಲುಗಡೆ ಸೇರಿದ ವೇಳೆಗಳನ್ನು ಯಂತ್ರವೇ ವರದಿ ಮಾಡುವುದು ಇದರ ಮೊದಲ ಕಾರ್ಯವಾಗಿತ್ತು. ಬಳಿಕ ಹವಾಮಾನ, ಇಂಧನ, ಎಂಜಿನ್ನಿನ ಸ್ಥಿತಿಗಳೂ ಅದರಲ್ಲಿ ಸೇರಿಕೊಂಡವು.

ಅಮೆರಿಕ, ಯುರೋಪುಗಳ ಹವ್ಯಾಸಿಗಳು ಈ ಸಂದೇಶಗಳನ್ನು ಸ್ಕ್ಯಾನರ್ ರೇಡಿಯೋದಲ್ಲಿ ಹಿಡಿಯುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಮುಖ್ಯ ತರಂಗಾಂತರ 131.550 ಮೆಗಾಹರ್ಟ್ಸ್. ಕಿವಿಗೆ ಬೀಳುವುದು ಕ್ಷಣಮಾತ್ರದ ಕರಕರ ಸದ್ದು. ಆ ಸದ್ದನ್ನು ಕಂಪ್ಯೂಟರಿಗೆ ಒಪ್ಪಿಸಿದರೆ, ಸೆಕೆಂಡಿಗೆ 2400 ಬಿಟ್‌ಗಳಂತೆ ಬಂದ ಸಂಕೇತವನ್ನು ತಂತ್ರಾಂಶವು ಬಿಡಿಸಿ ವಿಮಾನದ ನೋಂದಣಿ ಸಂಖ್ಯೆಯನ್ನೂ ಸಂದೇಶವನ್ನೂ ತೆರೆಯ ಮೇಲೆ ಮೂಡಿಸುತ್ತದೆ. ಒಂದು ಕಂತಿನ ಒಕ್ಕಣೆ 220 ಅಕ್ಷರಗಳನ್ನು ಮೀರುವುದಿಲ್ಲ. ಪ್ರತಿ ಅಕ್ಷರದೊಂದಿಗೆ ತಾಳೆ ನೋಡಲೊಂದು ಗುರುತುಂಟು. ಇಡೀ ಕಂತಿಗೆ ಮತ್ತೊಂದು ತಾಳೆಯುಂಟು. ಲೆಕ್ಕ ಕೂಡದಿದ್ದರೆ ನೆಲದ ಕೇಂದ್ರವು ಒಪ್ಪಿಗೆ ಕಳುಹಿಸುವುದಿಲ್ಲ; ವಿಮಾನವು ಮತ್ತೊಮ್ಮೆ ಹೇಳುತ್ತದೆ. ಆದರೆ ತನಗಲ್ಲದ ಸಂದೇಶವನ್ನು ಅನುಮತಿಯಿಲ್ಲದೆ ಆಲಿಸುವುದು ಬ್ರಿಟನ್ನಿನಂಥ ದೇಶಗಳಲ್ಲಿ ಅಪರಾಧವೆಂಬುದನ್ನು ಆಸಕ್ತರು ಮರೆಯಲಾಗದು.

ಅಕ್ಷರಗಳು ತಾಳೆಯಾದ ಮಾತ್ರಕ್ಕೆ ಅರ್ಥವೂ ಪೂರ್ಣವಾಯಿತೆ? 2009ರ ಜೂನ್ 1ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನವು 228 ಜನರೊಂದಿಗೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ನಡುಗಡಲಿನಲ್ಲಿ ಈ ತರಂಗಾಂತರದ ನೆಲದ ರೇಡಿಯೋ ಎಟುಕದು. ಕೊನೆಯ ನಿಮಿಷಗಳಲ್ಲಿ ಅದು ಉಪಗ್ರಹದ ಮೂಲಕ 24 ದುರಸ್ತಿ ಸಂದೇಶಗಳನ್ನು ಕಳುಹಿಸಿತ್ತು. ವೇಗದ ಅಳತೆಗಳು ಪರಸ್ಪರ ಹೊಂದುತ್ತಿರಲಿಲ್ಲವೆಂದು ಅವು ಸೂಚಿಸಿದವು. ಕೆಲವೇ ದಿನಗಳಲ್ಲಿ ಅವು ಬಹಿರಂಗಗೊಂಡು, ಲೋಕವೆಲ್ಲ ಕಾರಣ ಊಹಿಸತೊಡಗಿತು. ತನಿಖೆಗಾರರಾದರೋ ಕಾದರು. 2011ರಲ್ಲಿ ಕಡಲ ತಳದಿಂದ ದಾಖಲೆ ಪೆಟ್ಟಿಗೆಗಳು ದೊರೆತವು. 2012ರಲ್ಲಿ ಅಂತಿಮ ವರದಿ ಬಂದಿತು. ವೇಗ ಅಳೆಯುವ ನಳಿಕೆಗಳಲ್ಲಿ ಹಿಮಕಣ ಕಟ್ಟಿ ಸ್ವಯಂಚಾಲನೆ ಕಳಚಿದ್ದೂ, ಬಳಿಕ ವಿಮಾನದ ಮೂತಿಯನ್ನು ಮೇಲೆತ್ತಿದ್ದರಿಂದ ಅದು ಗಾಳಿಯ ಆಧಾರ ಕಳೆದುಕೊಂಡದ್ದೂ ಆಗ ಸ್ಪಷ್ಟವಾಯಿತು.

ಯಂತ್ರವು ಸುಳ್ಳಾಡಿರಲಿಲ್ಲ, ತನಗೆ ತಿಳಿದಷ್ಟನ್ನು ನುಡಿದಿತ್ತು. ಉಳಿದುದನ್ನು ತುಂಬಿಕೊಂಡದ್ದು ಕೇಳುಗರ ಆತುರ.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೆ? ಬಾಗಿಲಾಚೆಯಿಂದ ಕೇಳಿದ ಅರೆಮಾತಿಗೆ ಅತ್ತೆ ಸೊಸೆಯರು ಮುನಿಯುತ್ತಾರೆ. ಯಾರೋ ಆಡಿದ ಒಂದು ನುಡಿಗೆ ಗೊತ್ತಾದ ಸಂಬಂಧ ಮುರಿಯುತ್ತದೆ. ಅಣ್ಣತಮ್ಮಂದಿರ ಹೊಲಕ್ಕೆ ಬೇಲಿ ಬೀಳುತ್ತದೆ. ಕೇಳಿದ ಮಾತು ದಿಟವೇ ಇರಬಹುದು, ಅದು ಪೂರ್ಣವಾಗಿರಲಿಕ್ಕಿಲ್ಲ. ಶರಣರು ಅನುಭವ ಮಂಟಪದಲ್ಲಿ ಒಬ್ಬರ ಮಾತನ್ನು ಮತ್ತೊಬ್ಬರು ಪ್ರಶ್ನಿಸಿ, ಒರೆಗೆ ಹಚ್ಚಿ ಒಪ್ಪಿದರೆಂಬ ಪರಂಪರೆ ನಮ್ಮದು. ಸಂಶಯ ಬಂದಾಗ ಆಡಿದವರನ್ನೇ ಕರೆದು, ಇನ್ನೊಮ್ಮೆ ಹೇಳಿರೆಂದು ಕೇಳುವ ಸೌಜನ್ಯ ನಮ್ಮಲ್ಲಿರಲಿ. ಮಾತಿನ ಆಚಾರದಂತೆ ಆಲಿಸುವ ಆಚಾರವೂ ಒಂದು ವ್ರತವೇ.